ಗಾಲಿ ನಿಂತರೆ ಸೂಜಿ

ಬೆಳಗಿನ ಐದೂ ಮುಕ್ಕಾಲು. ಇಂಡಿ ಬಸ್ ನಿಲ್ದಾಣದಲ್ಲಿ ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ನಿಂಬೆಕಾಯಿ ಚೀಲ ಏರಿಸುವ ಹಮಾಲರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಕೆಲಸ ಮುಗಿಸುತ್ತಿದ್ದಾರೆ; ಬೈಗುಳವಿಲ್ಲದೆ ಅವರಿಗೆ ಚೀಲ ಎತ್ತಲು ಬರುವುದಿಲ್ಲವೇನೋ. ನಾಲತವಾಡಕ್ಕೆ ಹೊರಡುವ ಬಸ್ಸಿನ ಒಳದೀಪದ ಕೆಳಗೆ, ಬಾಗಿಲ ಪಕ್ಕದ ಸೀಟಿನಲ್ಲಿ, ಖಾಕಿ ಅಂಗಿಯ ಹೆಂಗಸೊಬ್ಬರು ತಲೆ ಬಗ್ಗಿಸಿ ಕೂತಿದ್ದಾರೆ. ಟಿಕೆಟ್ ಯಂತ್ರಕ್ಕೆ ಕಾಗದದ ಸುರುಳಿ ಹಾಕಿ ಆಗಿದೆ, ಹಾಕಬೇಕಾದ ಕಡೆ ಸಹಿ ಹಾಕಿ ಆಗಿದೆ. ಬಸ್ ಹೊರಡಲು ಇನ್ನೂ ಹನ್ನೊಂದು ನಿಮಿಷ ಇದೆ. ಆ ಹನ್ನೊಂದು ನಿಮಿಷಕ್ಕೆಂದೇ ಅವರ ತೊಡೆಯ ಮೇಲೆ, ಹಳೆಯ ಬಟ್ಟೆ ಪೇರಿಸಿ ಹೊಲಿಯುವ ಕೌದಿಯೊಂದು ಹರಡಿದೆ.

ಎಡಗೈ ಬಟ್ಟೆಯ ಕೆಳಗೆ, ಬಲಗೈ ಮೇಲೆ. ನಾಲ್ಕು ಹೊಲಿಗೆಯನ್ನು ಸೂಜಿಯ ಮೇಲೆ ಪೇರಿಸಿ ಒಮ್ಮೆಲೇ ದಾರ ಎಳೆಯುತ್ತಾರೆ. ಯಾರೋ ಹತ್ತಿ, "ಸಿಂದಗಿಗೆ ಹೋಗ್ತೈತೇನ್ರಿ?" ಎಂದರೆ ತಲೆ ಎತ್ತದೆಯೇ, "ಹೋಗ್ತೈತ್ರಿ, ಕುಂದರ್ರಿ" ಎನ್ನುತ್ತಾರೆ. ಚಾಲಕ ಗೈಬುಸಾಬ ತಮ್ಮ ಸೀಟಿಗೆ ಏರಿ ಎಂಜಿನ್ ಚಾಲೂ ಮಾಡಿದ್ದೇ ತಡ, ಸೂಜಿ ಡಬ್ಬಿಯೊಳಗೆ, ಕೌದಿ ಚೀಲದೊಳಗೆ, ಸೀಟಿ ಬಾಯಿಯಲ್ಲಿ. ಬಸ್ ನಿಲ್ದಾಣದ ಗೇಟು ದಾಟುವಾಗ ಅವರು ಅಪ್ಪಟ ಕಂಡಕ್ಟರ್. ಒಂದು ನಿಮಿಷದ ಹಿಂದೆ ಇಲ್ಲಿ ಹೊಲಿಗೆ ನಡೆದಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ.

"ಗಾಲಿ ತಿರುಗಿದ್ರ ಟಿಕೀಟು, ಗಾಲಿ ನಿಂತ್ರ ಸೂಜಿ. ಎರಡೂ ಕೂಡೇ ಮಾಡಾಕ ಹೋದ್ರ ಎರಡೂ ಕೆಡ್ತಾವ್ರಿ" ಎನ್ನುತ್ತಾರೆ ಸುರೇಖಾ ಪೂಜಾರಿ.

ವಯಸ್ಸು ನಲವತ್ತೆರಡು, ಕಂಡಕ್ಟರ್ ಕೆಲಸಕ್ಕೆ ಹದಿನಾಲ್ಕು ವರ್ಷ. ಇಂಡಿಯಿಂದ ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳ ದಾಟಿ ನಾಲತವಾಡ ಮುಟ್ಟುವುದು, ಅದೇ ದಾರಿಯಲ್ಲಿ ಸಂಜೆಗೆ ಮರಳುವುದು ಅವರ ಪಾಳಿ. ಈ ದಾರಿಯಲ್ಲಿ ಅವರ ಹೆಸರು ಬಲ್ಲವರು ಕಡಿಮೆ. "ಕೌದಿ ಕಂಡಕ್ಟರ್ ಬಸ್ ಹೋತೇನು?" ಎಂದು ಕೇಳಿ ನೋಡಿ, ಹೂವಿನಹಿಪ್ಪರಗಿಯ ನಿಲ್ದಾಣದಲ್ಲಿ ಮಲಗಿದ ನಾಯಿಯೂ ಕಿವಿ ನಿಮಿರಿಸುತ್ತದೆ.

ಅವರ ಹೊಲಿಗೆಯ ಡಬ್ಬಿ ನೋಡುವಂಥದ್ದು. ಯಂತ್ರ ಬರುವ ಮುಂಚೆ ಕಂಡಕ್ಟರುಗಳು ಟಿಕೆಟ್ ಕಟ್ಟುಗಳನ್ನು ಜೋಡಿಸಿಕೊಳ್ಳುತ್ತಿದ್ದ ತಗಡಿನ ಡಬ್ಬಿ ಅದು. ಹಿರಿಯ ಕಂಡಕ್ಟರೊಬ್ಬರು ನಿವೃತ್ತರಾಗುವಾಗ, ಇನ್ನು ಇದು ಯಾರಿಗೂ ಬೇಡ ಎಂದು ಕೊಟ್ಟು ಹೋದರಂತೆ. ಐದು, ಹತ್ತು, ಹದಿನೈದರ ಟಿಕೆಟ್‌ಗಳಿದ್ದ ಖಾನೆಗಳಲ್ಲಿ ಈಗ ಕೆಂಪು, ಹಸಿರು, ಹಳದಿ ದಾರದ ಉಂಡೆಗಳು ಕೂತಿವೆ. ಕೊನೆಯ ಖಾನೆಯಲ್ಲಿ ಸೂಜಿ, ಬೆರಳಿಗೆ ಹಾಕುವ ಟೋಪಿ ಮತ್ತು ಕಾರಣವಿಲ್ಲದೆ ಒಂದು ಏಲಕ್ಕಿ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ದಿನಕ್ಕೆ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್. ಟಿಕೆಟ್ ನಾನೂರರ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳ ಶೂನ್ಯ ಟಿಕೆಟ್. ನಿಂತು ಮಾಡುವ ಕೆಲಸ ಎಂಟು ಗಂಟೆಗೆ ಕಡಿಮೆಯಿಲ್ಲ. ಇದರ ನಡುವೆ ಗಾಲಿ ನಿಲ್ಲುವುದು ಇಂಡಿಯಲ್ಲಿ ಹನ್ನೊಂದು ನಿಮಿಷ, ಸಿಂದಗಿಯಲ್ಲಿ ಏಳು, ಬಾಗೇವಾಡಿಯಲ್ಲಿ ಎಂಟು, ಮುದ್ದೇಬಿಹಾಳದಲ್ಲಿ ಐದು, ನಾಲತವಾಡದಲ್ಲಿ ಬುತ್ತಿ ಉಂಡು ಕೈತೊಳೆದ ಮೇಲೆ ಹದಿನೈದು. ಬರುವಾಗ ಜನ ಜಾಸ್ತಿ, ಹೊತ್ತು ಇಲ್ಲವೇ ಇಲ್ಲ. ಎಲ್ಲ ಕೂಡಿಸಿದರೂ ದಿನಕ್ಕೆ ಐವತ್ತು ನಿಮಿಷ ಆಗುವುದಿಲ್ಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎನ್ನುತ್ತಾರಲ್ಲ, ಹಾಗೆ ನಿಮಿಷಗೂಡಿಸಿ ಕೂಸಿನ ಕೌದಿಯೊಂದನ್ನು ಹದಿನೈದು ದಿನಕ್ಕೆ, ದೊಡ್ಡವರ ಕೌದಿಯನ್ನು ಎರಡು ತಿಂಗಳಿಗೆ ಅವರು ಮುಗಿಸುತ್ತಾರೆ. ಇದುವರೆಗೆ ಎಷ್ಟಾಗಿವೆ ಎಂದರೆ ಅವರಿಗೆ ಗೊತ್ತಿಲ್ಲ. ಗೈಬುಸಾಬ ಮಾತ್ರ, "ಅರವತ್ತರ ಮ್ಯಾಲ ನಾ ನೋಡೇನ್ರಿ. ನನ್ನ ಮೊಮ್ಮಗನ ಬೆನ್ನ ಕೆಳಗ ಒಂದೈತಿ" ಎಂದು ಸಾಕ್ಷಿ ಹೇಳುತ್ತಾರೆ.

ಕೂಲಿ ಮಾತೆತ್ತಿದರೆ ಸುರೇಖಾ ನಗುತ್ತಾರೆ. ಹಳೆಯ ಬಟ್ಟೆ ನಿಮ್ಮದು, ದಾರ ನಿಮ್ಮದು, ಹೊಲಿಗೆ ನಂದು; ಅಷ್ಟೇ ಅವರ ಕರಾರು. ರಾತ್ರಿ ಮನೆಯಲ್ಲಿ ಅವರು ಸೂಜಿ ಮುಟ್ಟುವುದಿಲ್ಲ. "ನಿದ್ದಿಗಣ್ಣಾಗ ಹೊಲದ್ರ ಹೊಲಿಗಿ ಸೊಟ್ಟ ಹೋಗ್ತೈತಿ. ಮರುದಿನ ಮತ್ತ ಬಿಚ್ಚೂದ ಕೆಲಸ." ಮಂಗಳವಾರ ವಾರದ ರಜೆ. ಆದರೆ ಆ ದಿನ ಗಿರಣಿ, ಬಟ್ಟೆ ತೊಳೆಯುವುದು, ಮಗಳ ಕಾಲೇಜಿನ ಕಾಗದಪತ್ರ, ಅತ್ತೆಯ ಮೊಣಕಾಲಿನ ಔಷಧ ಎಲ್ಲ ಸಾಲುಗಟ್ಟಿ ನಿಂತಿರುತ್ತವೆ. ಡ್ಯೂಟಿಯ ದಿನ ಸಿಗುವ ಐವತ್ತು ನಿಮಿಷ ರಜೆಯ ದಿನ ಸಿಗುವುದಿಲ್ಲ ಎಂಬುದು ಅವರ ಅನುಭವ. ನಮ್ಮಲ್ಲಿ ಅನೇಕ ಹೆಂಗಸರ ಅನುಭವವೂ ಅದೇ ಎಂದು ಬೇರೆ ಹೇಳಬೇಕಿಲ್ಲ.

ತವರುಮನೆ ಹೊರ್ತಿ. ಕುರಿ ಸಾಕುವ ಮನೆತನ. ಅಪ್ಪನ ಮಗ್ಗದ ಕಂಬಳಿಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಇಂಡಿಯಲ್ಲಿ ಕೊಟ್ಟ ಮನೆಯೂ ಅಂಥದ್ದೇ. ಗಂಡ ಬೀರಣ್ಣ ಇಂದಿಗೂ ನಲವತ್ತು ಕುರಿ ಸಾಕುತ್ತಾರೆ. ಹೀಗೆ ಎರಡೂ ಕಡೆ ಕಂಬಳಿ ಹೊದ್ದು ಬೆಳೆದ ಹೆಣ್ಣುಮಗಳು ಕೌದಿ ಹಿಡಿದು ಕೂತರೆ ಅತ್ತೆ ತಿಪ್ಪವ್ವ ಸುಮ್ಮನಿರುತ್ತಾರೆಯೇ? "ಕಂಬಳಿ ಮನ್ಯಾಗ ಚಿಂದಿ ಯಾಕ ಬೇಕವ್ವಾ" ಎಂದು ಹದಿನಾಲ್ಕು ವರ್ಷ ಅಂದರು. ಎಪ್ಪತ್ತು ದಾಟಿದ ಮುದುಕಿ, ಬಾಯಿ ಮಾತ್ರ ಇನ್ನೂ ಹರೆಯದ್ದು.

ಕೌದಿಯ ಚಟ ಅಂಟಿದ್ದಕ್ಕೆ ಒಂದು ಕಾರಣವಿದೆ. ಕೆಲಸಕ್ಕೆ ಸೇರಿದಾಗ ಮಗಳಿಗೆ ಒಂದೂವರೆ ವರ್ಷ. ಬೆಳಗ್ಗೆ ಕೂಸು ಏಳುವ ಮುಂಚೆ ಹೊರಟರೆ ಸಂಜೆ ಬರುವಷ್ಟರಲ್ಲಿ ಅದು ಅಜ್ಜಿಯ ತೊಡೆಯ ಮೇಲೆ ತೂಕಡಿಸುತ್ತಿತ್ತು. "ಬಸ್ ಓಡುವಾಗ ಏನೂ ಅನಿಸ್ತಿರಲಿಲ್ರಿ. ಜನಾ, ಚಿಲ್ಲರ, ಜಗಳ. ಬಸ್ ನಿಂತ ಕೂಡ್ಲೇ ಎದಿಯಾಗ ಹಾಲು ಇಳದ್ಹಂಗ ಆಗೂದು. ಕೈ ಖಾಲಿ ಇದ್ರ ಅಳು ಬರ್ತಿತ್ತು." ಒಂದು ದಿನ ಮಗಳ ಹರಿದ ಕೌದಿಯನ್ನೇ ಬಸ್ಸಿಗೆ ತಂದು, ಬಾಗೇವಾಡಿಯಲ್ಲಿ ಬಸ್ ನಿಂತಾಗ ತೇಪೆ ಹಾಕಿದರು. ಅಳು ಬರಲಿಲ್ಲ. ಮರುದಿನ ಸಿಂದಗಿಯಲ್ಲೂ ಹಾಕಿದರು. ಮಗಳು ಈಗ ಪಿಯುಸಿ ಓದುತ್ತಾಳೆ, ತಾಯಿಯ ಕೈ ಖಾಲಿ ಇರುವುದನ್ನು ಮರೆತೇಬಿಟ್ಟಿದೆ.

ಇಷ್ಟು ವರ್ಷ ಈ ಐವತ್ತು ನಿಮಿಷ ಅವರಿಗೆ ಸಾಕಾಗಿತ್ತು. "ಹೊತ್ತಿಲ್ಲ ಅನ್ನಾವ್ರಿಗೆ ನಾ ನಗ್ತಿದ್ದೆ ನೋಡ್ರಿ. ಹೊತ್ತು ಇರ್ತೈತಿ, ಆರಿಸ್ಕೊಬೇಕು ಅಂತಿದ್ದೆ" ಎನ್ನುತ್ತಾರೆ. ಆ ಮಾತು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ ಎಂದು ಅವರಿಗೆ ಗೊತ್ತಾದದ್ದು ಕಳೆದ ತಿಂಗಳು, ನಾಲತವಾಡದ ರಾಮವ್ವನ ಗಂಟಿನಿಂದ.

ರಾಮವ್ವನಿಗೆ ಅರವತ್ತೆಂಟು. ಮಗಳು ಸುವರ್ಣಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಐದು ತಿಂಗಳು ತುಂಬಿದ ಹೆಣ್ಣುಕೂಸಿನೊಡನೆ ಆಕೆಯನ್ನು ಗಂಡನ ಮನೆಗೆ ಕಳಿಸುವಾಗ ತವರಿನಿಂದ ತೊಟ್ಟಿಲು, ಕುಂಚಿಗೆ, ಜೊತೆಗೊಂದು ಕೌದಿ ಹೋಗಬೇಕು. ಕೌದಿಯ ಮೇಲ್ಪದರಕ್ಕೆ ತಾಯಿಯ ಕಡೆಯ ಹಿರಿಯಳೊಬ್ಬಳ ಸೀರೆ ಹಾಕುವುದು ಆ ಮನೆಯ ರೂಢಿ. ಕೂಸು ದೂರ ಹೋದರೂ ಅಜ್ಜಿಯ ಮೈಮೇಲೆ ಮಲಗಿದಂತಾಗುತ್ತದೆ ಎಂಬುದು ಅವರ ನಂಬಿಕೆ. ರಾಮವ್ವ ನಾಲ್ಕು ಹಳೆಯ ಬಟ್ಟೆಗಳ ಗಂಟು ಕಟ್ಟಿ, ದಾರವನ್ನೂ ಇಟ್ಟು, ನಾಲತವಾಡದಲ್ಲಿ ಸುರೇಖಾ ಅವರ ಕೈಗೆ ಕೊಟ್ಟರು. ಮುಂದಿನ ತಿಂಗಳ ಮೊದಲ ಸೋಮವಾರ ಕೂಸನ್ನು ಕಳಿಸುವುದು ಎಂದು ಹೇಳಿದರು. ಇಬ್ಬರೂ ತಲೆಯಾಡಿಸಿದರು. ಬೇರೆ ಮಾತು ಬೇಕಿಲ್ಲ ಎಂದು ಇಬ್ಬರೂ ತಿಳಿದಿದ್ದರು.

ಕೌದಿಗೆ ಮೂರು ಪದರ. ಮೇಲಿನದು ಕಣ್ಣಿಗೆ, ಕೆಳಗಿನದು ನೆಲಕ್ಕೆ, ನಡುವಿನದು ಬೆಚ್ಚಗೆ ಇಡಲಿಕ್ಕೆ. ನಡುವಿನ ಪದರಕ್ಕೆ ಈ ಕಡೆ ಹೊಟ್ಟೆ ಎನ್ನುತ್ತಾರೆ. ಬಟ್ಟೆಯ ಗಂಟು ಯಾರಿಂದಲೇ ಬರಲಿ, ಅದನ್ನು ಕಟ್ಟಿ ತಂದ ಬಟ್ಟೆಯೇ ಎಲ್ಲಕ್ಕಿಂತ ಸವೆದದ್ದು. ಅದು ಹೊಟ್ಟೆಗೆ. ಹದಿನಾಲ್ಕು ವರ್ಷ ಸುರೇಖಾ ಹಾಗೇ ಮಾಡಿದ್ದಾರೆ, ಒಮ್ಮೆಯೂ ತಪ್ಪಾಗಿಲ್ಲ. ರಾಮವ್ವ ಗಂಟು ಕಟ್ಟಿದ್ದು ಒಂದು ಹಳೆಯ ಇಲಕಲ್ ಸೀರೆಯಲ್ಲಿ. ಸುರೇಖಾ ಅದನ್ನು ಮಡಚಿ ಹೊಟ್ಟೆಗೆ ಹಾಕಿದರು. ಮೇಲೆ ಕೂಸಿನ ಕಣ್ಣಿಗೆ ಚಂದ ಕಾಣಲೆಂದು ಹೂವಿನ ಸೀರೆಗಳ ತುಂಡು ಜೋಡಿಸಿ ಹೊಲಿಯತೊಡಗಿದರು.

ಹತ್ತು ದಿನದ ಹೊಲಿಗೆ ಆಗಿತ್ತು. ಅದೊಂದು ಬುಧವಾರ ಮುದ್ದೇಬಿಹಾಳದ ಆಸ್ಪತ್ರೆಗೆ ಬಂದಿದ್ದ ರಾಮವ್ವ ಅದೇ ಬಸ್ ಹತ್ತಿದರು. ಬಸ್ ಇನ್ನೂ ನಿಂತೇ ಇತ್ತು. ತೊಡೆಯ ಮೇಲಿನ ಕೌದಿಯನ್ನು ಅವರು ಮುಟ್ಟಿ ನೋಡಿದರು, ತಿರುಗಿಸಿ ನೋಡಿದರು.

"ಭಾಳ ಚಂದ ಆಗೈತಿ. ನಮ್ಮವ್ವನ ಸೀರಿ ಎಲ್ಲೈತಿ, ತಂಗಿ?"

"ಯಾವ ಸೀರಿರಿ, ಆಯಿ?"

"ಗಂಟು ಕಟ್ಟಿದ್ನಲ್ಲವಾ. ನಮ್ಮವ್ವ ಅದನ್ನ ಉಟ್ಟಿದ್ದಕ್ಕಿಂತ ಅದರಾಗ ಗಂಟು ಕಟ್ಟಿ ಸಂತಿಗೆ ಒಯ್ದದ್ದ ಹೆಚ್ಚು. ಅದಕ್ಕ ನಾನೂ ಅದರಾಗೇ ಕಟ್ಟಿ ತಂದೆ. ಆಕಿದು ಅಂತ ಉಳದದ್ದು ಅದೊಂದ."

ಸುರೇಖಾ ಅವರಿಗೆ ತಪ್ಪು ತಿಳಿಯಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಸೀರೆ ಕೌದಿಯ ಹೊಟ್ಟೆಯಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ ಎಂದು ಹೇಳಿಬಿಟ್ಟರು. ರಾಮವ್ವ ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, "ಇರ್ಲಿ ಬಿಡವಾ, ಒಳಗರ ಐತೆಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಸುರೇಖಾ ಇವತ್ತಿಗೂ ಅನ್ನುತ್ತಾರೆ. ನಾಲತವಾಡದವರೆಗೆ ಅವರು ಎಷ್ಟು ಟಿಕೆಟ್ ಹರಿದರೋ, ಮನಸ್ಸು ಒಂದೇ ಕಡೆ ಇತ್ತು. ಇಳಿಯುವಾಗ ರಾಮವ್ವನ ಕೈ ಹಿಡಿದು ಹೇಳಿದರು: "ಆಯಿ, ಸೋಮವಾರ ಕೂಸು ಹೋಗೂದರಾಗ ನಿಮ್ಮವ್ವನ ಸೀರಿ ಮ್ಯಾಲ ಬರ್ತೈತಿ. ಇದು ನನ್ನ ಮಾತು."

ಮಾತು ಕೊಟ್ಟದ್ದು ಬುಧವಾರ. ನಡುವೆ ಮಂಗಳವಾರ ಬರುವುದಿಲ್ಲ. ದಿನಕ್ಕೆ ಐವತ್ತು ನಿಮಿಷ. ಹತ್ತು ದಿನದ ಹೊಲಿಗೆ ಬಿಚ್ಚಬೇಕು, ಹದಿನೈದು ದಿನದ ಹೊಲಿಗೆ ಹೊಸದಾಗಿ ಹಾಕಬೇಕು. ಮೂರನೇ ಇಯತ್ತೆಯ ಹುಡುಗರಿಗೆ ಕೊಟ್ಟರೂ ಈ ಲೆಕ್ಕ ಆಗುವುದಿಲ್ಲ ಎಂದೇ ಹೇಳುತ್ತಾರೆ. ಗೈಬುಸಾಬ ಕೂಡ ಅದನ್ನೇ ಹೇಳಿದರು. "ಬಸ್ ಓಡುವಾಗೂ ಹೊಲಿ, ನಾ ಯಾರಿಗೆ ಹೇಳ್ತೇನಿ" ಎಂದೂ ಸೇರಿಸಿದರು. ಸುರೇಖಾ ಒಪ್ಪಲಿಲ್ಲ. "ಬ್ಯಾಡ ಕಾಕಾ. ಒಂದು ತಪ್ಪು ಸರಿ ಮಾಡಾಕ ಇನ್ನೊಂದು ಯಾಕ?"

ಹೊಲಿಯುವುದಕ್ಕೆ ಒಂದೇ ಕೈ ಬೇಕು. ಕೈ ಬದಲಾದರೆ ಹೊಲಿಗೆಯ ಸಾಲು ಬದಲಾಗುತ್ತದೆ, ಕೌದಿ ಸೆಟೆದುಕೊಳ್ಳುತ್ತದೆ. ಆದರೆ ಬಿಚ್ಚುವುದಕ್ಕೆ ಯಾರ ಕೈಯಾದರೂ ನಡೆಯುತ್ತದೆ. ಕಂಡಕ್ಟರಿಗೆ ಓಡುವ ಬಸ್ಸಿನಲ್ಲಿ ಕೆಲಸವಿದೆ, ಪ್ರಯಾಣಿಕರಿಗೆ ಏನಿದೆ? ಗುರುವಾರ ಬೆಳಗ್ಗೆ ಸಿಂದಗಿಯಲ್ಲಿ ಹತ್ತಿದ ನರ್ಸ್ ಜಯಮಾಲಾ ಮೊದಲಿಗರು. ದಿನಾ ಬಾಗೇವಾಡಿಗೆ ಡ್ಯೂಟಿಗೆ ಹೋಗುವವರು. ವಿಷಯ ಕೇಳಿ ತಮ್ಮ ಚೀಲದಿಂದ ಸಣ್ಣ ಕತ್ತರಿ ತೆಗೆದರು. "ಹೊಲಿಗಿ ಬಿಚ್ಚೂದು ನನ್ನ ದಿನದ ಕೆಲಸಾರಿ. ಈ ಪೇಶಂಟ್ ಅರ ಚೀರಂಗಿಲ್ಲ." ಅವರು ಇಳಿಯುವಾಗ ಪಕ್ಕದ ಕಾಲೇಜು ಹುಡುಗಿಯ ಕೈಗೆ ಕೊಟ್ಟರು, ಆ ಹುಡುಗಿ ನಾಲತವಾಡದ ಸಂತೆಗೆ ಹೊರಟ ಮುದುಕಿಗೆ ಕೊಟ್ಟಳು. ಪಂಚಾಯಿತಿ ಆಫೀಸಿಗೆ ಹೋಗುವ ಗಂಡಸೊಬ್ಬರು ಮೂರು ಸಾಲು ಬಿಚ್ಚಿ, ಮನೆಯಲ್ಲಿ ಹೇಳಬೇಡಿ ಎಂದು ಕೇಳಿಕೊಂಡರು. ಮನೆಯಲ್ಲಿ ಗೊತ್ತಾದರೆ ಅಲ್ಲೂ ಕೆಲಸ ಹಚ್ಚುತ್ತಾರಲ್ಲ.

ಶುಕ್ರವಾರ ಬಸ್ ನಾಲತವಾಡ ಮುಟ್ಟುವಷ್ಟರಲ್ಲಿ, ಒಂದು ಮೂಲೆ ಬಿಟ್ಟರೆ, ಕೌದಿ ಮೂರು ಪದರವಾಗಿ ಬೇರೆಯಾಗಿತ್ತು. ಅಲ್ಲಿ ಊಟ ಬಿಟ್ಟು ಕೂತು, ಸುರೇಖಾ ಕೊನೆಯ ಮೂಲೆಯನ್ನು ತಾವೇ ಬಿಚ್ಚಿದರು. ಅವಸರಕ್ಕೆ ಎಳೆದದ್ದು ಜೋರಾಯಿತು. ಇಲಕಲ್ ಸೀರೆಯ ಕೆಂಪು ಸೆರಗು ಗೇಣುದ್ದ ಹರಿಯಿತು. ಅವರು ಮೂರೂ ಪದರ ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದರು.

ಬಿಚ್ಚಿದ್ದೇನೋ ಆಯಿತು, ಹೊಲಿಯಲು ಹನ್ನೆರಡು ತಾಸು ಬೇಕು. ಆ ಸಂಜೆ ಇಂಡಿಯ ಡಿಪೋದಲ್ಲಿ ಅವರು ಶನಿವಾರದ ರಜೆಗೆ ಅರ್ಜಿ ಕೇಳಿದರು. ಹದಿನಾಲ್ಕು ವರ್ಷದಲ್ಲಿ ರಜೆ ಹಾಕಿಲ್ಲವೆಂದಲ್ಲ. ಮಾವನ ದಿನಕರ್ಮಕ್ಕೆ ಹಾಕಿದ್ದರು, ಮಗಳ ಜ್ವರಕ್ಕೆ, ನಾದಿನಿಯ ಮದುವೆಗೆ, ಅತ್ತೆಯ ಮೊಣಕಾಲಿಗೆ ಹಾಕಿದ್ದರು. ಕಾರಣ ಎಂಬ ಜಾಗದಲ್ಲಿ ಯಾವತ್ತೂ ಬೇರೆಯವರ ಹೆಸರೇ ಇತ್ತು. ಈ ಸಲ ಅಲ್ಲಿ "ಕೌದಿ ಹೊಲಿಯುವುದಕ್ಕೆ" ಎಂದು ಬರೆದರು. ಗುಮಾಸ್ತ ಅನಿಲಕುಮಾರ ಕನ್ನಡಕ ಏರಿಸಿ ಓದಿ, ದನಿ ತಗ್ಗಿಸಿದರು.

"ಅಕ್ಕಾರ, ಜ್ವರ ಅಂತ ಬರೀರಿ. ಕೌದಿ ಅಂದ್ರ ಸಾಹೇಬ್ರು ನಗ್ತಾರ."

"ನಗ್ಲಿ ಬಿಡ್ರಿ. ನಕ್ಕರ ಏನ್ ಆಗೂದಿಲ್ಲ. ಬರದ ಜ್ವರಾನ ಬಂದೈತಿ ಅಂತ ಯಾಕ ಬರೀಲಿ?"

ಸಾಹೇಬರು ನಕ್ಕರು, ನಿಜ. ನಕ್ಕು, ಕೌದಿ ಯಾರಿಗೆ ಎಂದು ಕೇಳಿದರು. ಸುರೇಖಾ ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದರು. ಕೇಳುತ್ತ ಕೇಳುತ್ತ ಅವರ ನಗು ನಿಂತಿತು, ಸಹಿ ಬಿತ್ತು.

ಮನೆಗೆ ಬಂದರೆ ಇನ್ನೊಂದು ಕೊರತೆ. ಇಲಕಲ್ ಸೀರೆ ಮೇಲೆ ಹೋದರೆ ಹೊಟ್ಟೆಗೆ ಏನು? ಹೂವಿನ ಸೀರೆಗಳು ತುಂಡಾಗಿದ್ದವು; ರಾಮವ್ವನ ಗಂಟಿನ ಉಳಿದ ಬಟ್ಟೆ ದಪ್ಪ, ಕೂಸಿನ ಬೆನ್ನಿಗೆ ಒತ್ತುವಂಥದ್ದು. ಸೊಸೆ ಪೆಟ್ಟಿಗೆಯೊಳಗಿನ ಬಟ್ಟೆ ಒಂದೊಂದೇ ಎತ್ತಿ ನೋಡಿ ಮತ್ತೆ ಇಡುವುದನ್ನು ತಿಪ್ಪವ್ವ ಕೂತಲ್ಲಿಂದಲೇ ನೋಡುತ್ತಿದ್ದರು. ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ತಮ್ಮದೇ ಒಂದು ಸೀರೆ ಇತ್ತು, ಒಗೆದು ಒಗೆದು ಬೆಣ್ಣೆಯಂತಾದ ಹತ್ತಿಯದು.

"ಇದನ್ನ ಹಾಕು."

"ಅತ್ತಿ, ಇದು ನೀವು ಉಡೂ ಸೀರಿ. ಹೊಟ್ಟಿಗೆ ಹಾಕಿದ್ರ ಯಾರಿಗೂ ಕಾಣೂದಿಲ್ಲ."

"ಕಾಣಾಕ ನಾ ಏನ್ ಮದುಮಗಳೇನು? ಕೂಸಿಗೆ ಮೆತ್ತಗಾದ್ರ ಸಾಕು."

ಶನಿವಾರ ಬೆಳಕು ಹರಿದಾಗ ಸುರೇಖಾ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತರು. ಮೊದಲ ಸೂಜಿ ಪೋಣಿಸುವುದರೊಳಗೆ ಬೀರಣ್ಣ ಬಂದು, "ಹೆಂಗೂ ಮನ್ಯಾಗ ಅದಿಯಲ್ಲ, ಗಿರಣಿಗೆ ಒಂದೀಟು ಹೋಗಿ ಬಾ" ಎಂದರು. ಮಗಳು, "ಅವ್ವಾ, ಹೆಂಗೂ ಮನ್ಯಾಗ ಇರ್ತಿ, ನನ್ನ ಡ್ರೆಸ್ ಇಸ್ತ್ರಿ ಮಾಡ್ತಿಯೇನು?" ಎಂದಳು. ಎಂಟು ಗಂಟೆಗೆ ಎದುರು ಮನೆಯವರು ಬ್ಯಾಂಕಿನ ಅರ್ಜಿ ತುಂಬಿಸಿಕೊಳ್ಳಲು ಬಂದರು, ಅವರ ಬಾಯಲ್ಲೂ ಅದೇ ಮಾತು. ಮನೆಯಲ್ಲಿರುವ ಹೆಂಗಸಿನ ಹೊತ್ತು ಊರ ಬಾವಿಯ ನೀರಿದ್ದಂತೆ, ಯಾರು ಬೇಕಾದರೂ ಕೊಡ ಇಳಿಸಬಹುದು. ಸುರೇಖಾ ಸೂಜಿ ಕೆಳಗಿಡಲಿಲ್ಲ. ಗಂಡನಿಗೂ ಮಗಳಿಗೂ ಒಂದೇ ಉತ್ತರ ಕೊಟ್ಟರು: "ನಾ ಇವತ್ತ ಡ್ಯೂಟಿ ಮ್ಯಾಲ ಅದೇನಿ." ದನಿ ಏರಿಸಲಿಲ್ಲ. ಬೀರಣ್ಣ ಜೋಳದ ಚೀಲ ಹೆಗಲಿಗೇರಿಸಿಕೊಂಡು ತಾವೇ ಗಿರಣಿಗೆ ಹೋದರು.

ಎದುರು ಮನೆಯವರನ್ನು ತಿಪ್ಪವ್ವ ನೋಡಿಕೊಂಡರು. ಬಾಗಿಲಿಗೆ ಅಡ್ಡಲಾಗಿ ಕೂತು, "ಸುರೇಖಾ ಮನ್ಯಾಗಿಲ್ಲ, ಡ್ಯೂಟಿಗೆ ಹೋಗ್ಯಾಳ" ಎಂದರು. ಸುರೇಖಾ ಅವರ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ಕಣ್ಣೆದುರೇ ಕೂತಿದ್ದರು. ಬಂದವರು ಸುರೇಖಾರನ್ನು ನೋಡಿದರು, ತಿಪ್ಪವ್ವನನ್ನು ನೋಡಿದರು. ಸಂಜೆ ಬರುತ್ತೇವೆ ಎಂದು ಹೋದರು.

ಆ ದಿನದ ಬಗ್ಗೆ ಕೇಳಿದರೆ ಸುರೇಖಾ ಅವರ ಮುಖ ಈಗಲೂ ಬೆಳಗುತ್ತದೆ. "ಏಳು ನಿಮಿಷಕ್ಕ ಎದ್ದು ನಿಂದರೂ ಚಟಾ ನೋಡ್ರಿ. ಮೊದಲ ಮೊದಲ ಕೈ ತಾನಾಗೇ ನಿಲ್ತಿತ್ತು. ಯಾರೂ ಸೀಟಿ ಊದಲಿಲ್ಲ. ಹತ್ತರ ಸುಮಾರಿಗೆ ಒಂದು ಸಾಲು ಶುರು ಮಾಡಿದೆ, ಮುಗಿಯೂತನಕ ಎಬ್ಬಿಸಾವ್ರು ಯಾರೂ ಇಲ್ಲ. ನನಗ ಅಷ್ಟು ಸಮಾಧಾನ ಎಂದೂ ಆಗಿದ್ದಿಲ್ರಿ." ಮಧ್ಯಾಹ್ನ ಬೀರಣ್ಣ ರೊಟ್ಟಿ ಬಡಿದರು. ಸ್ವಲ್ಪ ದಪ್ಪ, ಆದರೆ ಬೆಂದಿದ್ದವು. ಹರಿದ ಸೆರಗಿನ ಮೇಲೆ ಸುರೇಖಾ ಮುಕ್ಕೋನದ ಸಣ್ಣ ತೇಪೆ ಕೂರಿಸಿದರು. ಹೊತ್ತು ಮುಳುಗುವಷ್ಟರಲ್ಲಿ ಕೌದಿಯಲ್ಲಿ ಒಂದು ಮೂಲೆ ಮಾತ್ರ ಉಳಿದಿತ್ತು. ಅದನ್ನು ಬೇಕೆಂದೇ ಉಳಿಸಿದ್ದರು.

ಭಾನುವಾರ ಹನ್ನೊಂದೂ ಕಾಲಿಗೆ ಬಸ್ ನಾಲತವಾಡ ಮುಟ್ಟಿತು. ರಾಮವ್ವ, ಸುವರ್ಣಾ, ಸುವರ್ಣಾಳ ಹೆಗಲ ಮೇಲೆ ಕೂಸು, ಮೂವರೂ ನಿಲ್ದಾಣದ ಕಟ್ಟೆಯ ಮೇಲೆ ಕಾಯುತ್ತಿದ್ದರು. ಸುರೇಖಾ ಕೌದಿ ಬಿಚ್ಚಿ ಹಾಸಿದರು. ಕರಿಯ ಒಡಲು, ಕೆಂಪು ಸೆರಗು ತಲೆಯ ಕಡೆಗೆ. ಹಸಿದ ಕೌದಿ ಕೂಸನ್ನು ಮಲಗಗೊಡುವುದಿಲ್ಲ ಎಂಬ ಮಾತು ಈ ಕಡೆ ಇದೆ, ಅದಕ್ಕೆ ಕೊನೆಯ ಮೂಲೆ ಮುಚ್ಚುವ ಮುಂಚೆ ಕೌದಿಗೆ ಉಣ್ಣಿಸಬೇಕು. ರಾಮವ್ವ ತಮ್ಮ ಸೆರಗಿನ ಗಂಟಿನಿಂದ ಹೋಳಿಗೆಯ ಚೂರೊಂದನ್ನು ತೆಗೆದು ಆ ಮೂಲೆಯೊಳಗೆ ಇಟ್ಟರು. ಸುರೇಖಾ ಹೊಲಿಗೆ ಹಾಕಿ ಗಂಟು ಬಿಗಿದರು.

ಮುದುಕಿಯ ಬೆರಳು ಸೆರಗಿನ ಮೇಲೆ ಓಡಾಡಿ ತೇಪೆಯ ಹತ್ತಿರ ನಿಂತಿತು.

"ಇಲ್ಲಿ ಹರಿದಿತ್ತೇನು?"

"ಬಿಚ್ಚುವಾಗ ಹರೀತ್ರಿ, ಆಯಿ. ನನ್ನ ಕೈಯಾಗ ಹರೀತು."

"ಜೀವ ಇದ್ದಾಗೂ ಇಲ್ಲೇ ಹರೀತಿತ್ತು. ಕೀಲಿಕೈ ಕಟ್ತಿದ್ದಳಲ್ಲ, ನಮ್ಮವ್ವ. ಮತ್ತ ಮತ್ತ ತೇಪಿ ಹಾಕ್ಕೊತಿದ್ದಳು." ಅಷ್ಟು ಹೇಳಿ ರಾಮವ್ವ ಕೂಸನ್ನು ಕೌದಿಯ ಮೇಲೆ ಮಲಗಿಸಿ ಅತ್ತರು. ಸುರೇಖಾ ಅವರಿಗೂ ತಡೆಯಲಾಗಲಿಲ್ಲ. ಕೂಸು ಮಾತ್ರ ಸೆರಗಿನ ಅಂಚನ್ನು ಬಾಯಿಗೆ ಹಾಕಿಕೊಂಡು ಆರಾಮ ಇತ್ತು. ಆ ದಿನ ಬಸ್ ನಾಲ್ಕು ನಿಮಿಷ ತಡವಾಗಿ ಹೊರಟಿತು. ಗೈಬುಸಾಬ ಹಾರ್ನ್ ಹೊಡೆಯಲಿಲ್ಲ.

ಕೌದಿ ಸೋಮವಾರ ಕೂಸಿನ ಜೊತೆ ಸುವರ್ಣಾಳ ಗಂಡನ ಮನೆಗೆ ಹೋಯಿತು. ಈ ಸುದ್ದಿ ದಾರಿಯುದ್ದಕ್ಕೂ ಹಬ್ಬಿ, ಸುರೇಖಾ ಅವರ ಬಳಿ ಈಗ ಇನ್ನೂ ಆರು ಗಂಟುಗಳು ಬಂದು ಕೂತಿವೆ. ಗಂಟು ಕೈಗೆ ಬಂದೊಡನೆ ಅವರು ಕೇಳುವ ಮೊದಲ ಪ್ರಶ್ನೆ ಗಂಟು ಕಟ್ಟಿದ ಬಟ್ಟೆ ಯಾರದು ಎಂಬುದು. ಅಂಗಡಿ ಇಡಿ ಎಂದು ಜಯಮಾಲಾ ಹೇಳುತ್ತಾರೆ, ಪ್ರದರ್ಶನಕ್ಕೆ ಕೊಡಿ ಎಂದು ಯಾರೋ ಫೋನು ಮಾಡಿದ್ದರಂತೆ. ಅವೆಲ್ಲ ಅವರಿಗೆ ಬೇಡ. ಬೇಕಾದದ್ದು ಒಂದೇ: ತಿಂಗಳಲ್ಲಿ ಒಂದು ಮಂಗಳವಾರ.

ಇದನ್ನು ಅವರು ಮನೆಯಲ್ಲಿ ಕೇಳಲಿಲ್ಲ. ಹೇಳಿದರು. ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ, ರೊಟ್ಟಿ ಮುರಿಯುತ್ತ, ಡಿಪೋದಲ್ಲಿ ಪಾಳಿ ಹೇಳುವ ದನಿಯಲ್ಲೇ ಹೇಳಿದರು.

"ಬರೂ ತಿಂಗಳ ಮೊದಲ ಮಂಗಳವಾರ ನಾ ಮನ್ಯಾಗ ಇರ್ತೇನಿ. ಆದ್ರ ಮನಿಗೆ ಸಿಗೂದಿಲ್ಲ."